ಹನ್ನೆರಡನೆಯ ಬೀಗ

ಹಳದಿ ಬಕೆಟ್ಟನ್ನು ಮೇಜಿನ ಮೇಲೆ ಬೋರಲು ಹಾಕಿದೆ. ಕತ್ತರಿಸಿದ ಕೆಂಪು ಬೀಗಗಳು ದಬದಬನೆ ಬಿದ್ದವು. ಎಣಿಸಿದೆ. ಹನ್ನೆರಡು. ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಸಾಲದೆ ಇನ್ನೊಮ್ಮೆ ಎಣಿಸಿದೆ. ಹನ್ನೆರಡೇ.

"ಹನ್ನೊಂದಿರಬೇಕಲ್ವಾ ಮೇಡಂ," ಎಂದಳು ಎಲ್ಲರೂ ತಂಗಿ ಎನ್ನುವ ಆ ಹೆಣ್ಣುಮಗಳು. ಅವಳು ಬಾಗಿಲ ಹತ್ತಿರವೇ ನಿಂತಿದ್ದಳು.

ಇರಬೇಕಾದದ್ದು ಹನ್ನೊಂದೇ. ಬೀಗ ಕಡಿಮೆಯಾಗಿದ್ದರೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕಳೆದುಹೋದದ್ದಕ್ಕೆ ನೂರು ಕಾರಣ ಹೇಳಬಹುದು. ಹೆಚ್ಚಾದದ್ದನ್ನು ಮಾತ್ರ ಯಾರೋ ಒಬ್ಬರು ತಂದು ಹಾಕಿರಲೇಬೇಕು.

ಗೋಡೆಯ ಗಡಿಯಾರ ಒಂಬತ್ತು ಮುಕ್ಕಾಲು ತೋರಿಸುತ್ತಿತ್ತು. ಹನ್ನೊಂದಕ್ಕೆ ಕಂಪನಿಯ ಮುಖ್ಯ ಕಚೇರಿಯಿಂದ ವಿಮಾನ ಹತ್ತಿ ಬಂದ ಹೆಂಗಸು ತನಿಖಾ ವರದಿಗೆ ಸಹಿ ಹಾಕುವವಳಿದ್ದಳು. ವರದಿಯಲ್ಲಿ ಸತ್ತವನ ಹೆಸರಿನ ಮುಂದೆ ಎರಡೇ ಪದ: ಸ್ವಂತ ಅಜಾಗರೂಕತೆ.

ಸತ್ತವನು ತಂಗಿಯ ಗಂಡ. ಹತ್ತೊಂಬತ್ತು ದಿನದ ಹಿಂದೆ, ಹಾಡಹಗಲು ಹನ್ನೊಂದು ನಲವತ್ತಕ್ಕೆ, ಈ ಗೋಡೆಯ ಆಚೆಗಿರುವ, ತಯಾರಾದ ಟ್ರಾನ್ಸ್‌ಫಾರ್ಮರುಗಳಿಗೆ ಕರೆಂಟು ಹರಿಸಿ ಪರೀಕ್ಷಿಸುವ ಟೆಸ್ಟ್ ಬೇಯಲ್ಲಿ ಅವನ ಮೇಲೆ ಲಕ್ಷಗಟ್ಟಲೆ ವೋಲ್ಟಿನ ಕರೆಂಟು ಹರಿಯಿತು. ಗುಂಡಿ ಒತ್ತಿದವನು ತಂಗಿಯ ಸ್ವಂತ ಅಣ್ಣ.

ಅವಳನ್ನು ಕಾರ್ಖಾನೆಯವರೆಲ್ಲ ತಂಗಿ ಎಂದು ಕರೆಯುವುದೂ ಆ ಅಣ್ಣನ ದೆಸೆಯಿಂದಲೇ. ಅವಳು ಕಾಯಿಲ್ ಸುತ್ತುವ ವಿಭಾಗದಲ್ಲಿ ಕೆಲಸಕ್ಕಿದ್ದಾಳೆ. ಅಣ್ಣನೂ ಗಂಡನೂ ಟೆಸ್ಟ್ ಬೇಯಲ್ಲಿ. ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದು ಕರೆಯುತ್ತಿದ್ದರಿಂದ ಜನ ಅಣ್ಣನಿಗೆ ದೊಡ್ಡ ಭಾವ, ಗಂಡನಿಗೆ ಸಣ್ಣ ಭಾವ ಎಂದು ಹೆಸರಿಟ್ಟುಬಿಟ್ಟಿದ್ದರು. ಹಾಜರಿ ಪುಸ್ತಕದ ಹೆಸರು ಯಾರಿಗೂ ನೆನಪಿಲ್ಲ.

ಮೊದಲ ದಿನ ನನ್ನ ಮನೆಗೆ ಬಂದಾಗ ತಂಗಿ ಅತ್ತಿರಲಿಲ್ಲ. ನೇರವಾಗಿ ಕೇಳಿದ್ದಳು. "ನನಗೆ ಮೂರು ವರ್ಷದ ಮಗಳಿದಾಳೆ ಮೇಡಂ. ಮಾಮ ಎಲ್ಲಿ ಮಾಮ ಎಲ್ಲಿ ಅಂತ ದಿನಾ ಕೇಳ್ತಾಳೆ. ಅವಳನ್ನ ನಮ್ಮಣ್ಣನ ತೊಡೆ ಮೇಲೆ ಕೂರಿಸ್ಲಾ, ಬೇಡ್ವಾ? ಅದೊಂದು ಹೇಳಿ ಸಾಕು."

ಗಂಡ ತಪ್ಪು ಮಾಡಿದ್ದರೆ ಅಣ್ಣ ಉಳಿಯುತ್ತಾನೆ. ಗಂಡನದು ತಪ್ಪಿಲ್ಲದಿದ್ದರೆ ಅಣ್ಣ ಹೋಗುತ್ತಾನೆ. ಎರಡರಲ್ಲಿ ಒಂದು. ಇಂಥ ಪ್ರಶ್ನೆಗೆ ಉತ್ತರ ಹುಡುಕಲು ಒಪ್ಪಿಕೊಂಡ ನನ್ನ ಬುದ್ಧಿಗೆ ಏನು ಹೇಳಬೇಕೋ ತಿಳಿಯದು. ಮೂವತ್ತೊಂದು ವರ್ಷ ಸರ್ಕಾರದ ವಿದ್ಯುತ್ ಇನ್ಸ್‌ಪೆಕ್ಟರ್ ಆಗಿದ್ದವಳು ನಾನು. ನಿವೃತ್ತಿಯಾದ ಮೇಲೆ ಸುಮ್ಮನೆ ಮನೆಯಲ್ಲಿ ಕೂರಬಹುದಿತ್ತು. ಬೆನ್ನ ಹಿಂದೆ ಜನ ನನ್ನನ್ನು ಕರೆಂಟಮ್ಮ ಎನ್ನುತ್ತಾರೆ. ನನ್ನ ಕಿವಿ ಇನ್ನೂ ಚುರುಕಾಗಿಯೇ ಇದೆ ಎಂಬುದು ಅವರಿಗೆ ಗೊತ್ತಿಲ್ಲ.

ಬೀಗದ ವಿಷಯ ಹೇಳಬೇಕು.

ಟೆಸ್ಟ್ ಬೇ ಬಾಗಿಲ ಪಕ್ಕ ಒಂದು ಕೆಂಪು ಪೆಟ್ಟಿಗೆ ಇದೆ. ಮೇನ್ ಸ್ವಿಚ್ಚಿನ ಕೀಲಿಕೈ ಅದರೊಳಗೆ. ಒಳಗೆ ಹೋಗುವ ಪ್ರತಿಯೊಬ್ಬನೂ ಆ ಪೆಟ್ಟಿಗೆಗೆ ತನ್ನ ಬೀಗ ಜಡಿದು, ತನ್ನ ಕೀಲಿಕೈಯನ್ನು ತನ್ನ ಜೇಬಿನಲ್ಲಿಟ್ಟುಕೊಂಡು ಹೋಗಬೇಕು. ಹೊರಗೆ ಬಂದ ಮೇಲೆ ಬೀಗ ತೆಗೆದು ಗೋಡೆಯ ಮೇಲಿನ ತನ್ನ ಮೊಳೆಗೆ ನೇತುಹಾಕಬೇಕು. ಒಂದೇ ಒಂದು ಬೀಗ ಉಳಿದರೂ ಪೆಟ್ಟಿಗೆ ತೆರೆಯುವುದಿಲ್ಲ, ಒಳಗಿನ ಟ್ರಾನ್ಸ್‌ಫಾರ್ಮರಿಗೆ ಕರೆಂಟು ಹರಿಯುವುದಿಲ್ಲ. ಈ ಕಂಪನಿಗೆ ಹತ್ತೊಂಬತ್ತು ದೇಶಗಳಲ್ಲಿ ಕಾರ್ಖಾನೆಗಳಿವೆ. ಎಲ್ಲ ಕಡೆಯೂ ಇದೇ ಪೆಟ್ಟಿಗೆ, ಇದೇ ಕೆಂಪು, ಇದೇ ನಿಯಮ.

ಯಾರಾದರೂ ಬೀಗ ತೆಗೆಯುವುದನ್ನು ಮರೆತು ಹೊರಟುಹೋದರೆ ಕತ್ತರಿಸಬಹುದು. ಆದರೆ ಮೊದಲು ಅವನಿಗೆ ಫೋನು ಮಾಡಬೇಕು. ಆಮೇಲೆ ಒಬ್ಬರು ಒಳಗೆ ಹೋಗಿ ಕಣ್ಣಾರೆ ನೋಡಬೇಕು, ಕೂಗಿ ಕರೆಯಬೇಕು. ಆಮೇಲೆ ಕಾಗದಕ್ಕೆ ಸಹಿ ಹಾಕಬೇಕು. ಆ ಕಾಗದ ಅದೇ ಗಳಿಗೆಯಲ್ಲಿ ಸಮುದ್ರದಾಚೆಯ ಮುಖ್ಯ ಕಚೇರಿಗೆ ಹೋಗುತ್ತದೆ.

ಸಣ್ಣ ಭಾವನ ಬೀಗದ ನಂಬರು ಅರವತ್ತಮೂರು. ತನಿಖೆಯವರು ಬಂದಾಗ ಅರವತ್ತಮೂರು ಸುಸೂತ್ರವಾಗಿ ಮೊಳೆಯಲ್ಲಿ ನೇತಾಡುತ್ತಿತ್ತು. ಅವನ ಕೀಲಿಕೈ ಅವನ ಜೇಬಿನಲ್ಲೇ ಇತ್ತು. ಆದ್ದರಿಂದ ಅವನೇ ಬೀಗ ತೆಗೆದಿಟ್ಟು, ಏನೋ ಮರೆತದ್ದನ್ನು ತರಲು ಬೀಗ ಹಾಕದೆ ಮತ್ತೆ ಒಳಗೆ ಹೋಗಿದ್ದಾನೆ ಎಂದು ಕಂಪನಿ ತೀರ್ಮಾನಿಸಿತು. ಕೇಳಲು ಸರಿಯಾಗಿಯೇ ಇದೆ. ಸತ್ತವನು ಎದ್ದು ಬಂದು ಅಲ್ಲ ಎನ್ನುವುದಿಲ್ಲವಲ್ಲ.

ಅಲ್ಲ ಎನ್ನುತ್ತಿದ್ದಾನೆ ಎಂಬುದೇ ಇಲ್ಲಿನ ಜನರ ನಂಬಿಕೆ.

ಕಾರ್ಖಾನೆ ಮತ್ತೆ ತೆರೆದು ಹನ್ನೊಂದು ದಿನವಾಯಿತು. ಪ್ರತಿದಿನ ಬೆಳಿಗ್ಗೆ ಏಳಕ್ಕೆ ಮೊದಲ ಪಾಳಿಯವರು ಬರುವಾಗ ಕೆಂಪು ಪೆಟ್ಟಿಗೆಯಲ್ಲಿ ಒಂದು ಬೀಗ ನೇತಾಡುತ್ತಿರುತ್ತದೆ. ಅದರ ಮೇಲೆ ಬಿಳಿ ಬಣ್ಣದಲ್ಲಿ ಅರವತ್ತಮೂರು. ಮೇಸ್ತ್ರಿ ಒಳಗೆ ಹೋಗಿ ನೋಡಿ ಬಂದು ಅದನ್ನು ಕತ್ತರಿಸಿ ಬಕೆಟ್ಟಿಗೆ ಎಸೆಯುತ್ತಾನೆ. ಮರುದಿನ ಇನ್ನೊಂದು.

ಮುನ್ನೂರು ಜನ ಕೆಲಸ ಮಾಡುವ ಅಷ್ಟುದ್ದದ ಶೆಡ್ಡಿನಲ್ಲಿ ಈಗ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ಅರವತ್ತಮೂರನೇ ಮೊಳೆಯ ಕೆಳಗೆ ಯಾರೂ ನಿಲ್ಲುವುದಿಲ್ಲ. ಕ್ರೇನಿನವನು ಬೇ ಬಾಗಿಲಿನ ಮುಂದೆ ಹಾಯುವಾಗ ಕಣ್ಣು ಆ ಕಡೆ ತಿರುಗಿಸುವುದಿಲ್ಲ. ಬೇಯೊಳಗಿನ ದೊಡ್ಡ ಫ್ಯಾನುಗಳು ಸ್ವಿಚ್ಚಿಲ್ಲದೆ, ಬಾಗಿಲ ಸಂದಿಯ ಗಾಳಿಗೆ, ಆಗಾಗ ಅರ್ಧ ಸುತ್ತು ತಿರುಗಿ ನಿಲ್ಲುತ್ತವೆ.

ನನಗೆ ದೆವ್ವದಲ್ಲಿ ನಂಬಿಕೆಯಿಲ್ಲ. ಕರೆಂಟು ಹೊಡೆದು ಸತ್ತವರನ್ನು ನಾನು ನೋಡಿದಷ್ಟು ಬೇರೆ ಯಾರೂ ನೋಡಿರಲಾರರು. ದೂರು ಕೊಡಲು ಅವರಿಗೆಲ್ಲ ಬೇಕಾದಷ್ಟು ಕಾರಣವಿತ್ತು. ಒಬ್ಬರೂ ತಿರುಗಿ ಬರಲಿಲ್ಲ.

ಆದರೂ ಇವತ್ತು ಬೆಳಿಗ್ಗೆ ಒಬ್ಬಳೇ ಬಂದು ಆ ಹನ್ನೊಂದನೆಯ ಬೀಗವನ್ನು ಕಂಡಾಗ, ಮುಟ್ಟಲು ಚಾಚಿದ ಕೈ ತಾನೇ ಹಿಂದಕ್ಕೆ ಬಂತು. ಬೀಗ ಇದೆ ಎಂದರೆ ಮನುಷ್ಯ ಒಳಗಿದ್ದಾನೆ ಎಂದರ್ಥ. ಮೂವತ್ತೊಂದು ವರ್ಷ ಇದನ್ನೇ ಊರಿಗೆಲ್ಲ ಬೋಧಿಸಿದವಳು ನಾನು. ಬಾಗಿಲು ತಳ್ಳಿ ಒಳಗೆ ನೋಡಿದೆ. ಎಣ್ಣೆಯ ವಾಸನೆ, ಟ್ರಾನ್ಸ್‌ಫಾರ್ಮರಿನ ಕಪ್ಪು ಮೈ, ಅದರ ಹಿಂದೆ ಕತ್ತಲು. ಯಾರೂ ಇರಲಿಲ್ಲ. ಯಾರೂ ಇಲ್ಲವೆಂದು ಗೊತ್ತಾದ ಮೇಲೂ ಟ್ರಾನ್ಸ್‌ಫಾರ್ಮರಿನ ಹಿಂದಕ್ಕೆ ಇನ್ನೊಮ್ಮೆ ಹೋಗಿ ನೋಡಿ ಬಂದೆ.

ಈಗ ಮೇಜಿನ ಮೇಲೆ ಬೀಗಗಳನ್ನು ಸಾಲಾಗಿ ಜೋಡಿಸಿದೆ. ಹನ್ನೊಂದು ಹೊಚ್ಚಹೊಸವು, ಕೆಂಪು ಮಿರಿಮಿರಿ ಮಿಂಚುತ್ತಿತ್ತು. ಹನ್ನೆರಡನೆಯದರ ಅಂಚುಗಳು ಸವೆದಿದ್ದವು. ನಂಬರಿನ ಮೇಲೆ ಮೂರು ನಾಲ್ಕು ಸಲ ಬಣ್ಣ ತೀಡಿದ ಗುರುತಿತ್ತು. ವರ್ಷಗಟ್ಟಲೆ ಒಬ್ಬನ ಕೈಯಲ್ಲಿ ಆಡಿದ ಬೀಗ ಅದು.

"ಪೊಲೀಸರು ಕೊಟ್ಟ ಕವರು ತಂದಿದೀಯಾ?" ಎಂದೆ.

ತಂಗಿ ಚೀಲದಿಂದ ಕವರು ತೆಗೆದಳು. ಕೈಗಡಿಯಾರ, ಬಾಚಣಿಗೆ, ಒಂದು ಸಣ್ಣ ಹಿತ್ತಾಳೆ ಕೀಲಿಕೈ. ಹತ್ತೊಂಬತ್ತು ದಿನ ತನಿಖೆ ಮಾಡಿದ ಮಹಾನುಭಾವರಲ್ಲಿ ಒಬ್ಬರಿಗೂ ಈ ಕೀಲಿಕೈಯನ್ನು ಬೀಗಕ್ಕೆ ಹಾಕಿ ನೋಡಬೇಕೆಂದು ಹೊಳೆದಿರಲಿಲ್ಲ. ಅವರನ್ನು ಬೈಯುವ ಮೊದಲು ನನ್ನನ್ನು ಬೈದುಕೊಂಡೆ. ನನಗೂ ನಿನ್ನೆಯವರೆಗೆ ಹೊಳೆದಿರಲಿಲ್ಲ.

ಹೊರಗೆ ಹೋಗಿ ಮೊಳೆಯಲ್ಲಿದ್ದ ಅರವತ್ತಮೂರಕ್ಕೆ ಕೀಲಿಕೈ ಹಾಕಿದೆ. ಅರ್ಧಕ್ಕೇ ಸಿಕ್ಕಿಕೊಂಡಿತು. ಅಲುಗಾಡಿಸಿದೆ, ತಿರುವಿ ಹಾಕಿದೆ. ಇಲ್ಲ.

ಒಳಗೆ ಬಂದು ಹನ್ನೆರಡನೆಯ ಬೀಗಕ್ಕೆ ಹಾಕಿದೆ. ಬೆಣ್ಣೆಗೆ ಚಾಕು ಇಳಿದ ಹಾಗೆ ಇಳಿದು ತಿರುಗಿತು. ಕತ್ತರಿಸಿದ ಕೊಂಡಿ ಟಕ್ಕೆಂದು ಮೇಲೆ ಬಂತು.

ತಂಗಿಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ. ಮೊಳೆಯಲ್ಲಿರುವುದು ಆಮೇಲೆ ಯಾರೋ ನೇತುಹಾಕಿದ ಹೊಸ ಬೀಗ. ಅವಳ ಗಂಡನ ನಿಜವಾದ ಬೀಗ ಅವತ್ತು ಪೆಟ್ಟಿಗೆಯಲ್ಲೇ ಇತ್ತು. ಅವನು ಒಳಗಿರುವಾಗಲೇ ಅದನ್ನು ಕತ್ತರಿಸಿದ್ದಾರೆ.

"ಅವರು ಬೀಗ ಹಾಕಿದ್ರು," ಎಂದಳು.

"ಹಾಕಿದ್ರು ಕಣಮ್ಮ."

ಅವಳು ಆ ಮುರುಕು ಬೀಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು. ಹತ್ತೊಂಬತ್ತು ದಿನದಲ್ಲಿ ಮೊದಲ ಸಲ ಅತ್ತಳೋ ಏನೋ. ನನಗೂ ಕಣ್ಣು ತುಂಬಿತು. ಅದರಲ್ಲಿ ಸಂತೋಷವೂ ಇತ್ತೆಂದು ಹೇಳಲು ನನಗೆ ನಾಚಿಕೆಯಿಲ್ಲ. ಒಬ್ಬ ಒಳ್ಳೆಯ ಕೆಲಸಗಾರನ ಮಾನ ಉಳಿದಿತ್ತು.

ಆಮೇಲೆ ಅವಳ ಅಳು ಥಟ್ಟನೆ ನಿಂತಿತು. ಅವಳು ಏನು ಯೋಚಿಸಿದಳೆಂದು ನನಗೂ ಹೊಳೆಯಿತು. ಗಂಡನದು ತಪ್ಪಿಲ್ಲ. ಹಾಗಾದರೆ ಉಳಿದವನು ಅಣ್ಣ.

ದೊಡ್ಡ ಭಾವನ ಕೋಣೆಗೆ ಹೋಗುವ ದಾರಿಯಲ್ಲಿ ಮ್ಯಾನೇಜರ್ ಅಡ್ಡ ಬಂದ. ತಲೆಯ ಮೇಲೆ ದೊಡ್ಡ ಫಲಕ: ಅಪಘಾತವಿಲ್ಲದ ದಿನಗಳು 1,431. ಹತ್ತೊಂಬತ್ತು ದೇಶಗಳಲ್ಲಿ ಈ ಕಾರ್ಖಾನೆಗೆ ಎರಡನೇ ಸ್ಥಾನ. ಒಬ್ಬ ಮನುಷ್ಯ ಸತ್ತ ಮೇಲೂ ಆ ಸಂಖ್ಯೆ ದಿನಕ್ಕೊಂದರಂತೆ ಏರುತ್ತಲೇ ಇತ್ತು. ಯಾಕೆ ಸೊನ್ನೆಗೆ ಇಳಿಸಲಿಲ್ಲ ಎಂದು ಕೇಳಿದೆ. ಸ್ವಂತ ಅಜಾಗರೂಕತೆ ಕಾರ್ಖಾನೆಯ ಲೆಕ್ಕಕ್ಕೆ ಸೇರುವುದಿಲ್ಲ ಎಂದು ಬಹಳ ಮರ್ಯಾದೆಯಿಂದ ವಿವರಿಸಿದ.

ಬೀಗ ಕತ್ತರಿಸುವ ಕಟ್ಟರ್ ಎಲ್ಲಿರುತ್ತದೆ ಎಂದು ಕೇಳಿದೆ. ತನ್ನ ಬೀರುವಿನಲ್ಲಿ, ಬೀರುವಿನ ಕೀಲಿಕೈ ತನ್ನ ಹತ್ತಿರ, ಮೇಸ್ತ್ರಿಗೆ ಬೇಕಾದಾಗ ತಾನೇ ತೆಗೆದುಕೊಡುತ್ತೇನೆ ಎಂದ. ಹೇಳಿದ ಮೇಲೆ ಯಾಕೆ ಹೇಳಿದೆನೋ ಎಂಬಂತೆ ಗಡಿಯಾರ ನೋಡಿಕೊಂಡ. ಹನ್ನೊಂದರವರೆಗೆ ಮಾತ್ರ ನನಗೆ ಒಳಗೆ ಓಡಾಡಲು ಅನುಮತಿ ಎಂದು ನೆನಪಿಸಿದ. ಅವನ ನಗು ಮಾತ್ರ ಮುಖದಿಂದ ಕದಲಲಿಲ್ಲ.

ಹತ್ತು ಮೂವತ್ತೈದು.

ಗುಂಡಿ ಒತ್ತುವ ಕೋಣೆ ಚಿಕ್ಕದು. ಒಂದು ಮೇಜು, ಮೇಜಿನ ತುಂಬ ದೀಪಗಳು, ಎದುರಿಗೆ ದಪ್ಪ ಗಾಜು. ಗಾಜಿನಾಚೆ ಬೇ. ದೊಡ್ಡ ಭಾವ ಗಾಜಿಗೆ ಬೆನ್ನು ಮಾಡಿ ಕೂತಿದ್ದ. ಒಂದು ಕಾಲಕ್ಕೆ ಬಾಗಿಲು ತುಂಬುವಂಥ ಆಳಾಗಿದ್ದಿರಬೇಕು. ಈಗ ಅಂಗಿ ಅವನ ಮೇಲೆ ಜೋತುಬಿದ್ದಿತ್ತು. ತಂಗಿಯನ್ನು ಕಂಡವನೇ ಎದ್ದು ನಿಂತ. ಅವಳ ಮುಖ ಮಾತ್ರ ನೋಡಲಿಲ್ಲ.

ಮುರುಕು ಬೀಗವನ್ನು ಅವನ ಮುಂದಿಟ್ಟೆ. ಅವನ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಬಿಳಿ ಬಣ್ಣ ಮೆತ್ತಿತ್ತು.

"ದಿನಾ ಬೆಳಿಗ್ಗೆ ಬೀಗ ಹಾಕ್ತಿರೋದು ನೀವು," ಎಂದೆ.

ಅವನು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿದ. "ಹೂಂ," ಎಂದ.

"ಯಾಕೆ?"

"ಬೀಗ ಇದ್ರೆ ಒಳಗೆ ಮನುಷ್ಯ ಇದಾನೆ ಅಂತ ತಾನೇ ಮೇಡಂ. ಕತ್ತರಿಸೋಕೆ ಮುಂಚೆ ಯಾರಾದ್ರೂ ಹೋಗಿ ನೋಡ್ಲೇಬೇಕು. ಅವತ್ತು ಸರಿಯಾಗಿ ನೋಡ್ಲಿಲ್ಲ. ಈಗ ದಿನಾ ನೋಡ್ಲಿ ಅಂತ ಹಾಕ್ದೆ." ಅವನ ಧ್ವನಿ ತೀರಾ ಸಣ್ಣದಾಗಿತ್ತು. "ನನಗೂ ಒಂದೊಂದು ದಿನ ಅನ್ಸುತ್ತೆ, ಒಳಗೆ ಇದ್ರೂ ಇರಬಹುದು ಅಂತ."

ತಂಗಿ ಗಾಜಿನ ಕಡೆ ನೋಡಿದಳು. ನಾನೂ ನೋಡಿದೆ. ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು.

ಹಳೆಯ ಬೀಗ ಬಕೆಟ್ಟಿಗೆ ಹೇಗೆ ಬಂತು ಎಂದು ಕೇಳಿದ್ದೇ ತಡ, ತಡೆದುಕೊಂಡಿದ್ದದ್ದೆಲ್ಲ ಹೊರಗೆ ಬಂತು. ಅವತ್ತು ಆ ಟ್ರಾನ್ಸ್‌ಫಾರ್ಮರು ಮಧ್ಯಾಹ್ನವೇ ಬಂದರಿಗೆ ಹೊರಡಬೇಕಿತ್ತು, ಬೇರೆ ದೇಶದಲ್ಲಿ ಒಂದು ಇಡೀ ಪಟ್ಟಣ ಅದಕ್ಕಾಗಿ ಕಾಯುತ್ತಿತ್ತು. ಹನ್ನೊಂದೂವರೆಗೆ ಎಲ್ಲರೂ ಬೀಗ ತೆಗೆದರು, ಅರವತ್ತಮೂರು ಮಾತ್ರ ಉಳಿಯಿತು. ಮ್ಯಾನೇಜರ್ ಕೈಯಲ್ಲಿ ಕಟ್ಟರ್ ಹಿಡಿದುಕೊಂಡೇ ಬಂದ. ಫೋನು ಮಾಡಿದರು. ಬೇಯೊಳಗೆ ಫೋನು ಒಯ್ಯುವಂತಿಲ್ಲ, ಅದು ಲಾಕರಿನಲ್ಲಿ ಹೊಡೆದುಕೊಂಡು ಸುಮ್ಮನಾಯಿತು. ಹೋಗಿ ನೋಡು ಎಂದು ಮ್ಯಾನೇಜರ್ ದೊಡ್ಡ ಭಾವನಿಗೆ ಹೇಳಿದ. ಅವನು ಬಂದು ನೋಡಿದೆ ಎಂದ ಮೇಲೆ ಮ್ಯಾನೇಜರ್ ಬೀಗ ಕತ್ತರಿಸಿದ. ಸಹಿಯ ಕಾಗದ ಆಮೇಲೆ ಮಾಡೋಣ ಎಂದ. ಎಲ್ಲ ಮುಗಿದ ಮೇಲೆ ಮೊಳೆಗೆ ಹೊಸ ಬೀಗ ಹಾಕಿದವನೂ ಅವನೇ. ಕತ್ತರಿಸಿದ್ದನ್ನು ಅವನ ಕಸದ ಬುಟ್ಟಿಯಿಂದ ದೊಡ್ಡ ಭಾವ ಎತ್ತಿಟ್ಟುಕೊಂಡಿದ್ದ. ನಿನ್ನೆ ನಾನು ಬಕೆಟ್ಟು ಕೇಳಿದ್ದು ಅವನ ಕಿವಿಗೆ ಬಿದ್ದಿತ್ತು. ಹಳೆಯ ಬೀಗವನ್ನು ಅದರೊಳಗೆ ಹಾಕಿದ.

"ಬಾಯಿ ಬಿಟ್ಟು ಹೇಳಬಹುದಿತ್ತಲ್ಲ," ಎಂದೆ. ನನಗೆ ಸಿಟ್ಟು ಬಂದಿತ್ತು.

"ಕತ್ತರಿಸಿದ್ದು ಅವರು. ನೋಡ್ದೆ ಅಂದಿದ್ದು ನಾನು."

"ನೋಡಿದ್ಯಾ?" ಎಂದಳು ತಂಗಿ. ಕೋಣೆಗೆ ಬಂದ ಮೇಲೆ ಅವಳ ಮೊದಲ ಮಾತು ಅದು.

"ಬಾಗಿಲಲ್ಲಿ ನಿಂತು ನೋಡ್ದೆ. ಪೂರ್ತಿ ಒಳಗೆ ಹೋಗ್ಲಿಲ್ಲ. ಕಾಣಿಸ್ಲಿಲ್ಲ." ಸಣ್ಣ ಭಾವ ಆ ಹೊತ್ತು ಟ್ರಾನ್ಸ್‌ಫಾರ್ಮರಿನ ಹಿಂದೆ, ಕಿವಿಗೆ ಮುಚ್ಚಳ ಹಾಕಿಕೊಂಡು, ಮಂಡಿಯೂರಿ ತಂತಿ ಬಿಗಿಯುತ್ತಿದ್ದ. ಬೇರೆ ಲೈನಿನ ಮೇಲಿದ್ದ ಫ್ಯಾನುಗಳು ಭರ್ರೆಂದು ಓಡುತ್ತಿದ್ದವು. "ಕೂಗ್ದೆ."

"ಏನಂತ ಕೂಗ್ದೆ?"

"ಇನ್ನೇನಂತ ಕೂಗ್ಲಿ. ಭಾವಾ ಅಂತ."

"ಆಮೇಲೆ?"

ಅವನು ಬೇಡ ಎಂಬಂತೆ ತಲೆ ಆಡಿಸಿದ. ತುಟಿ ಒತ್ತಿ ಹಿಡಿದಿದ್ದ. ನಾನು ಒತ್ತಾಯ ಮಾಡಿದೆ. ಮಾಡಬಾರದಿತ್ತೆಂದು ಈಗ ಅನಿಸುತ್ತದೆ. ಸತ್ಯ ಎಲ್ಲಿದ್ದರೂ ಎಳೆದು ಹಾಕುವುದು ನನಗೆ ಅಂಟಿಕೊಂಡ ರೋಗ. ನೀವು ಕೂಗಿದ್ದಕ್ಕೆ ಏನಾದರೂ ಕೇಳಿಸಿತೇ ಎಂದು ಎರಡು ಸಲ ಕೇಳಿದೆ.

"ಓ ಅಂತ ಕೇಳಿಸ್ತು," ಎಂದ. "ನನ್ನ ಹಿಂದಿನಿಂದ. ಹೊರಗಡೆ ಓಣಿಯಿಂದ. ಅದಕ್ಕೇ ಭಾವ ಹೊರಗಿದಾರೆ ಅಂದ್ಕೊಂಡೆ. ತಿರುಗಿ ನೋಡ್ದೆ, ಯಾರೂ ಕಾಣಿಸ್ಲಿಲ್ಲ, ಮೂಲೆ ತಿರುಗಿ ಹೋಗಿರ್ತಾರೆ ಅಂದ್ಕೊಂಡೆ. ಬಂದು ನೋಡ್ದೆ ಅಂತ ಹೇಳ್ದೆ. ಗುಂಡಿ ಒತ್ತಿದೆ."

ನನಗೆ ಉಸಿರು ಹಗುರಾಯಿತು. ಅಣ್ಣ ಸುಳ್ಳು ಹೇಳಿರಲಿಲ್ಲ. ಅರ್ಧ ನೋಡಿದ್ದ, ಆದರೆ ಉತ್ತರ ಕೇಳಿ ನಂಬಿದ್ದ. ತಂಗಿಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗಲಾರದು ಎಂದುಕೊಂಡೆ. ಅವಳ ಮುಖದಲ್ಲೂ ಏನೋ ಸಡಿಲವಾಯಿತು. ಅವಳು ಒಂದು ಹೆಜ್ಜೆ ಮುಂದೆ ಬಂದು ಅಣ್ಣನ ತೋಳು ಹಿಡಿದಳು.

"ಆದ್ರೆ ಅವರು ಓ ಅನ್ನಲ್ವಲ್ಲ ಅಣ್ಣ," ಎಂದಳು. ಅವಳ ಮಾತಿನಲ್ಲಿ ಆರೋಪವಿರಲಿಲ್ಲ, ಮನೆಯ ಯಾವುದೋ ಸಾಮಾನ್ಯ ವಿಷಯ ನೆನಪಿಸುವ ಹಾಗಿತ್ತು. "ನಿನಗೂ ಗೊತ್ತು. ಕರೆದ್ರೆ ಅವರು ಯಾವತ್ತು ಓಗೊಟ್ಟಿದಾರೆ? ನೀನು ನಮ್ಮನೆ ಬಾಗಿಲಲ್ಲಿ ನಿಂತು ಭಾವಾ ಅಂತ ಕೂಗಿದ್ರೆ ಪೇಪರಿನಿಂದ ತಲೇನೂ ಎತ್ತಲ್ಲ. ಅಡುಗೆಮನೆಯಿಂದ ಓ ಅನ್ನೋದು..."

ಅಲ್ಲಿಗೆ ನಿಂತಳು.

ದೊಡ್ಡ ಭಾವ ಕಣ್ಣು ಮುಚ್ಚಿಕೊಂಡ.

"ಗಂಡಸಿನ ಧ್ವನಿ," ಎಂದ ಅವಸರವಾಗಿ, ನನ್ನ ಕಡೆ ತಿರುಗಿ. "ಬರ್ಕೊಳ್ಳಿ ಮೇಡಂ. ಗಂಡಸಿನ ಧ್ವನಿ ಅದು. ಫ್ಯಾನಿನ ಸದ್ದಲ್ಲಿ ಯಾರದು ಅಂತ ಗೊತ್ತಾಗ್ಲಿಲ್ಲ. ಯಾರೂ ಓ ಅನ್ಲೇ ಇಲ್ವೇನೋ. ನನಗೆ ಹಾಗೆ ಕೇಳಿಸ್ತೋ ಏನೋ."

ಈ ಮನುಷ್ಯ ಹತ್ತೊಂಬತ್ತು ದಿನ ಬಾಯಿ ಬಿಡದೆ ಇದ್ದದ್ದು ತನ್ನ ತಲೆ ಉಳಿಸಿಕೊಳ್ಳಲು ಎಂದು ನಾನು ತಿಳಿದಿದ್ದೆ. ಎಷ್ಟು ದಡ್ಡಿ ನಾನು.

"ಕಾಯಿಲ್‌ಗೆ ಸುತ್ತೋ ಟೇಪು ಮುಗಿದಿತ್ತು," ಎಂದಳು ತಂಗಿ. ಅವಳು ನಮ್ಮಿಬ್ಬರನ್ನೂ ನೋಡುತ್ತಿರಲಿಲ್ಲ. "ಊಟಕ್ಕೆ ಮುಂಚೆ ಸ್ಟೋರಿಗೆ ಹೋಗಿ ತಂದೆ. ಈ ಓಣೀಲೇ ಬಂದೆ. ಕೈ ತುಂಬ ಟೇಪಿತ್ತು. ನೀನು ಕೂಗಿದ್ದು ಕೇಳಿಸ್ತು..."

"ಬಂದಿರ್ಲಿಲ್ಲ. ನೀನು ಅವತ್ತು ಈ ಕಡೆ ಬಂದಿರ್ಲಿಲ್ಲ."

"ನಗು ಬಂತು ನನಗೆ. ಮನೇಲಿ ಅನ್ನೋ ಹಾಗೇನೇ..."

"ಸುಮ್ನಿರು ಅಂದೆ."

ಅವನು ಅವಳ ಎರಡೂ ಭುಜ ಹಿಡಿದಿದ್ದ. ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಮುರುಕು ಬೀಗ ಮೇಜಿನ ಮೇಲೆ ನಮ್ಮ ಮೂವರ ನಡುವೆ ಬಿದ್ದಿತ್ತು. ನಾನು ಹುಡುಕಿಕೊಡುತ್ತೇನೆಂದು ಒಪ್ಪಿಕೊಂಡ ಉತ್ತರ ಇದೇ. ಇದನ್ನು ಅವಳಿಗೆ ಕೊಟ್ಟವಳು ನಾನೇ.

ಓಣಿಯಲ್ಲಿ ಹೆಜ್ಜೆಗಳ ಸದ್ದಾಯಿತು. ಒಂದು ಜೊತೆ ಗಂಡಸಿನ ಬೂಟು, ಇನ್ನೊಂದು ಜೊತೆ ಹೆಂಗಸಿನ ಎತ್ತರದ ಚಪ್ಪಲಿ. ಹನ್ನೊಂದಕ್ಕೆ ಐದು ನಿಮಿಷ. ಬಾಗಿಲ ಮೇಲೆ ಎರಡು ಸಲ ಬಡಿದ ಸದ್ದು.

"ಒಳಗೆ ಯಾರಿದೀರಿ?" ಎಂದ ಮ್ಯಾನೇಜರ್. "ಮುಖ್ಯ ಕಚೇರಿಯ ಮೇಡಂ ಬಂದಿದಾರೆ. ಸಹಿ ಹಾಕೋಕೆ ಮುಂಚೆ ಯಾರಾದ್ರೂ ಏನಾದ್ರೂ ಹೇಳೋದಿದ್ರೆ ಕೇಳ್ತಾರಂತೆ."

ತಂಗಿ ಉತ್ತರ ಕೊಡಲು ಬಾಯಿ ತೆರೆದಳು. ಅಣ್ಣ ಅಂಗೈಯಿಂದ ಅವಳ ಬಾಯಿ ಮುಚ್ಚಿದ. ಬಾಗಿಲ ಹಿಡಿ ತಿರುಗಿತು. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.